ಶಾಲೆಗೂ ಒಂದು ದಿಕ್ಕು ಬೇಕು

ನಮ್ಮ ಕಡೆ ಮಸೀದಿಗೆ ಪಾಯ ತೋಡುವ ಮೊದಲು ಹಿರಿಯರು ಸೇರಿ ಕಿಬ್ಲಾದ ದಿಕ್ಕು ಗೊತ್ತುಮಾಡುತ್ತಾರೆ. ದಾರ ಹಿಡಿಯುತ್ತಾರೆ, ದಿಕ್ಸೂಚಿ ಇಡುತ್ತಾರೆ, ಅನುಮಾನ ಬಂದರೆ ಪಕ್ಕದೂರಿನ ಆಲಿಮರನ್ನು ಕರೆಸುತ್ತಾರೆ. ನೆರೆಯ ಲಿಂಗಾಯತರು, ಜೈನರು ಮನೆ ಕಟ್ಟುವಾಗ ಬಾಗಿಲು ಎತ್ತ, ಒಲೆ ಎತ್ತ ಎಂದು ವಾಸ್ತು ಕೇಳುತ್ತಾರೆ. ಆದರೆ ಇವರೆಲ್ಲರ ಮಕ್ಕಳು ದಿನಕ್ಕೆ ಆರೇಳು ತಾಸು ಕಳೆಯುವ ಶಾಲೆಯ ಸರದಿ ಬಂದಾಗ ದಿಕ್ಕು ಕೇಳುವವರಿಲ್ಲ. ಖಾಲಿ ಜಾಗ ಎಲ್ಲಿದೆಯೋ ಅಲ್ಲಿ, ರಸ್ತೆ ಎತ್ತ ಇದೆಯೋ ಅತ್ತ ಮುಖ ಮಾಡಿ ಕೋಣೆಗಳು ಏಳುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ತಿರುಗಾಡುವಾಗ ನನ್ನ ಕಣ್ಣಿಗೆ ಬೀಳುವ ಬಹಳಷ್ಟು ಶಾಲೆಗಳು ನಿಜಕ್ಕೂ ದಿಕ್ಕಿಲ್ಲದವು.

ದಿಕ್ಕು ಎಂದರೆ ಇಲ್ಲಿ ಶಕುನದ ಮಾತಲ್ಲ, ಬೆಳಕಿನ ಮಾತು. ನಾನು ಮೊದಲು ಉರ್ದು ಶಾಲೆಯಲ್ಲಿ ಬಲದಿಂದ ಎಡಕ್ಕೆ ಬರೆಯಲು ಕಲಿತೆ; ಆಮೇಲೆ ಕನ್ನಡ ಶಾಲೆಗೆ ಬಂದು ಎಡದಿಂದ ಬಲಕ್ಕೆ. ಸಾಲು ಯಾವ ಕಡೆಗೆ ಓಡಿದರೂ ಬಲಗೈಯಲ್ಲಿ ಹಿಡಿದ ಬಳಪದ ಮೊನೆ ಕೈಯ ಎಡಬದಿಗೇ ಇರುತ್ತದೆ. ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಬರೆಯುತ್ತಿರುವ ಅಕ್ಷರದ ಮೇಲೆ ಬೀಳುವುದಿಲ್ಲ. ಅಲಿಫ್‌ಗೂ ಅದೇ ಕಿಟಕಿ, ಅಕಾರಕ್ಕೂ ಅದೇ ಕಿಟಕಿ. ಎಡಗೈಯಲ್ಲಿ ಬರೆಯುವವರಿಗೆ ಮಾತ್ರ ಇದು ತಿರುವುಮುರುವು. ಯುರೋಪಿನ ಶಾಲಾ ಕಟ್ಟಡದ ಕೈಪಿಡಿಗಳು 19ನೇ ಶತಮಾನದಲ್ಲೇ ಈ ನಿಯಮ ಹೇಳಿದ್ದವು.

ನಮ್ಮಲ್ಲಿ ಇದನ್ನು ಪಾಲಿಸುವುದು ಕಷ್ಟವೇನಲ್ಲ. ಕಟ್ಟಡ ಪೂರ್ವ ಪಶ್ಚಿಮಕ್ಕೆ ಉದ್ದವಾಗಿರಲಿ, ಕರಿಹಲಗೆ ಪೂರ್ವದ ಗೋಡೆಗಿರಲಿ. ಆಗ ಮಕ್ಕಳ ಎಡಕ್ಕೆ ಉತ್ತರದ ಕಿಟಕಿ. ಕಣ್ಣು ಕುಕ್ಕದ ಬೆಳಕು ದಿನವಿಡೀ. ಬಲಕ್ಕೆ, ದಕ್ಷಿಣದಲ್ಲಿ, ಪಡಸಾಲೆ. ವರ್ಷದ ಹೆಚ್ಚಿನ ತಿಂಗಳು ಸೂರ್ಯ ಅತ್ತಲೇ ವಾಲಿರುವುದರಿಂದ ಬಿಸಿಲನ್ನು ಅದು ತಡೆಯುತ್ತದೆ. ಜಾಗ ಅನುಕೂಲವಾಗಿದ್ದರೆ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಪಾಯದ ದಾರವನ್ನು ತಿರುಗಿಸಿ ಹಿಡಿದರೆ ಆಯಿತು.

ಬೆಳಕಿನಂತೆಯೇ ಮಳೆ, ನೀರು. ಐದು ತಾಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಹವೆ ಒಂದೇ ಅಲ್ಲ. ನಿಪ್ಪಾಣಿ ಘಟ್ಟಕ್ಕೆ ಹತ್ತಿರ. ಪಡುವಣ ಗಾಳಿಯ ಎರಚಲಿಗೆ ಅಲ್ಲಿ ಇಳಿಜಾರು ಮಾಡು, ಅಗಲವಾದ ಸೂರು ಬೇಕು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆ. ಅಥಣಿಯ ಒಣಭೂಮಿಯಲ್ಲಿ ದಪ್ಪ ಗೋಡೆ, ಎತ್ತರದ ಮಾಡು, ಮಳೆನೀರು ಹಿಡಿಯುವ ತೊಟ್ಟಿ ಬೇಕು. ಕೃಷ್ಣೆಯ ದಡದ ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ಹಳ್ಳಿಗಳಿಗೆ ಎಲ್ಲಕ್ಕಿಂತ ಮೊದಲು ಎತ್ತರದ ಪಾಯ ಬೇಕು. ಹಳೆಯ ಗೌಂಡಿಗಳು ಕರಿಕಲ್ಲಿನ ಗೋಡೆ, ಮಂಗಳೂರು ಹಂಚಿನಿಂದ ಇದನ್ನು ಒಂದಿಷ್ಟು ಸಾಧಿಸಿದ್ದರು. ಇತ್ತೀಚೆಗೆ ನಾನು ನೋಡುವುದು ಎಲ್ಲೆಡೆ ಒಂದೇ ಸ್ಲ್ಯಾಬಿನ ಪೆಟ್ಟಿಗೆ.

2005, 2019, 2021ರಲ್ಲಿ ಕೃಷ್ಣೆ ಉಕ್ಕಿದಾಗ ಮನೆ ಬಿಟ್ಟ ಎಷ್ಟೋ ಜನ ಇಳಿದುಕೊಂಡದ್ದು ಶಾಲೆಗಳಲ್ಲೇ. ಸರಕಾರ ಅವಕ್ಕೆ ಕಾಳಜಿ ಕೇಂದ್ರವೆಂದು ಹೆಸರಿಟ್ಟಿತು. 2019ರ ಆಗಸ್ಟಿನಲ್ಲಿ ಅಂಥದ್ದೊಂದು ಕೇಂದ್ರಕ್ಕೆ ನಾನು ಹೋಗಿದ್ದೆ. ಒಂದೊಂದು ಕೋಣೆಯಲ್ಲೂ ಹಲವು ಕುಟುಂಬಗಳು, ಹೊರಗೆ ಉದ್ದನೆಯ ಪಾಳಿ ನಿಂತ ಶೌಚಾಲಯ. ಮೂಲೆಯಲ್ಲಿ ಕುಳಿತ ಮುದುಕಿಯೊಬ್ಬರು ಹೇಳಿದರು: “ಹುಡುಗಿ ಇದ್ದಾಗ ನನ್ನ ಯಾರೂ ಸಾಲಿಗಿ ಕಳಸಲಿಲ್ಲೋ ತಮ್ಮಾ. ಈಗ ಹೊಳಿ ತಂದು ಕೂಡ್ರಿಸೇತಿ.” ಶಾಲೆ ಊರಿನ ಕೊನೆಯ ಆಸರೆ ಎಂಬುದು ಹೊಳೆಗೆ ಗೊತ್ತಿದೆ. ನಕ್ಷೆ ಬರೆಯುವವರಿಗೂ ಗೊತ್ತಿರಬೇಕು. ಹೊಳೆಸಾಲಿನ ಶಾಲೆಗೆ ಮೇಲೇರುವ ಪಾವಟಿಗೆ, ಗಟ್ಟಿ ಮಾಳಿಗೆ, ದೊಡ್ಡ ಅಡುಗೆಮನೆ, ಹೆಚ್ಚು ಶೌಚಾಲಯ ಬಿಡುವಾಗ ಸೇರಿಸುವ ಅಲಂಕಾರಗಳಲ್ಲ.

ಕಟ್ಟಡದ ಒಂದು ಸಣ್ಣ ತಪ್ಪು ಮನುಷ್ಯರ ಬದುಕನ್ನೇ ತಿರುಗಿಸಬಲ್ಲದು. ನನ್ನ ಆಪಾ ಏಳನೇ ಇಯತ್ತೆ ಮುಗಿಸಿ ಮನೆಯಲ್ಲಿ ಕುಳಿತಳು. ಬಡತನ ಎಂದರು ಕೆಲವರು, ಪರದೆ ಎಂದರು ಕೆಲವರು. ಅಮ್ಮಿ ಹೇಳುತ್ತಿದ್ದ ಕಾರಣ ಬೇರೆ: ಆ ಶಾಲೆಯಲ್ಲಿ ಹುಡುಗಿಯರ ಮೂತ್ರಖಾನೆಯ ಬಾಗಿಲು ರಸ್ತೆಗೆ ಎದುರಾಗಿತ್ತು. ಬೆಳಿಗ್ಗೆ ಹೋದ ಹುಡುಗಿ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಒಂದು ಅಡ್ಡಗೋಡೆ ಸಾಕಿತ್ತು. ಒಬ್ಬ ಗೌಂಡಿಯ ಒಂದು ದಿನದ ಕೆಲಸ. ಆಪಾ ಬಿಟ್ಟ ಓದು ಮಾತ್ರ ಮತ್ತೆ ಕೂಡಿಬರಲಿಲ್ಲ.

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೊಂದರಂತೆ ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆಮನೆ, ಅಂಗವಿಕಲರೂ ತಡೆಯಿಲ್ಲದೆ ಒಳಬರುವ ದಾರಿ, ಆಟದ ಬಯಲು ಕೇಳುತ್ತದೆ. ಇದು ದೊಡ್ಡ ಮಾತೇ. ಆದರೆ ಕಾಯ್ದೆ ಕೇಳುವುದು ಎಣಿಸಲು ಬರುವುದನ್ನು. ಶೌಚಾಲಯ ಇದೆಯೇ ಎನ್ನುತ್ತದೆ. ಅದರ ಬಾಗಿಲು ಎತ್ತ ಎಂದು ಊರಿನವರೇ ಕೇಳಬೇಕು.

ನಾವು ಕೇಳುತ್ತಿರುವುದಾದರೂ ಏನನ್ನು? 2022ರ ನವೆಂಬರಿನಲ್ಲಿ ವಿವೇಕ ಯೋಜನೆಯ 7,000ಕ್ಕೂ ಹೆಚ್ಚು ಹೊಸ ಕೊಠಡಿಗಳಿಗೆ ಕೇಸರಿ ಬಳಿಯುವ ಮಾತು ಬಂದಾಗ ನಾಡು ಎರಡಾಗಿ ವಾದಿಸಿತು. ಬಣ್ಣದ ಪ್ರಶ್ನೆ ಸಣ್ಣದೆಂದು ನಾನು ಹೇಳಲಾರೆ. ಸರಕಾರಿ ಶಾಲೆಯ ಗೋಡೆ ಎಲ್ಲರದು. ಆದರೆ ಆ ಗೋಡೆಯ ಕಿಟಕಿ ಎತ್ತ ಇರಬೇಕೆಂದು ಎರಡೂ ಕಡೆಯವರಲ್ಲಿ ಯಾರಾದರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ನಮ್ಮ ಸಮುದಾಯದ ಲೆಕ್ಕವನ್ನೂ ನೋಡಬೇಕು. ಮಿನಾರು ಎತ್ತಲು ಚಂದಾ ಬೇಗ ಕೂಡುತ್ತದೆ. ಮದರಸಾದ ಮಕ್ಕಳು ತಗಡಿನ ಕೆಳಗೆ ಬೇಯುತ್ತಿರುತ್ತಾರೆ. ಇದು ನಮ್ಮ ಪರಂಪರೆಯೂ ಅಲ್ಲ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ ಮೂರು ಅಂತಸ್ತಿನದು. ನಡುವೆ ತೆರೆದ ಅಂಗಳ, ಸುತ್ತ ಉಪನ್ಯಾಸದ ಸಭಾಂಗಣಗಳು, ಗ್ರಂಥಾಲಯ, ಗುರುಗಳಿಗೂ ವಿದ್ಯಾರ್ಥಿಗಳಿಗೂ ಕೋಣೆಗಳು. ಓದುವವನಿಗೆ ಗಾಳಿ ಬೆಳಕು ಬೇಕೆಂಬುದನ್ನು ಅವರು ಮರೆತಿರಲಿಲ್ಲ.

2001ರಿಂದ ಕರ್ನಾಟಕದ ಸರಕಾರಿ ಶಾಲೆಗಳಿಗೆ ಪಾಲಕರ ಎಸ್‌ಡಿಎಂಸಿ ಇದೆ. ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿರುವ ಈ ಗಡಿಸೀಮೆಯಲ್ಲಿ ಭಾಷೆಯ ಜಗಳಕ್ಕೆ ಬರವಿಲ್ಲ. ಬೆಳಕು ಮಾತ್ರ ಮೂರೂ ಭಾಷೆಗೆ ಒಂದೇ. ಮುಂದಿನ ಸಲ ಊರಿಗೆ ಹೊಸ ಕೋಣೆ ಮಂಜೂರಾದಾಗ, ಗುದ್ದಲಿ ಪೂಜೆಯ ಫೋಟೋಕ್ಕಿಂತ ಮೊದಲು, ನಾಲ್ಕು ಪಾಲಕರು ಹೋಗಿ ನಕ್ಷೆ ನೋಡಲಿ. ಕಿಟಕಿ ಎತ್ತ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಎತ್ತ, ಹೋದ ಸಲದ ನೆರೆ ಎಲ್ಲಿಯವರೆಗೆ ಬಂದಿತ್ತು ಎಂದು ಮೂರೇ ಮಾತು ಕೇಳಲಿ. ಉತ್ತರ ಸಿಗುವವರೆಗೆ ದಾರ ಹಿಡಿಯುವುದು ಬೇಡ.