ಮಾಗಡಿ ಕೆರೆಯ ಏರಿಯ ಮೇಲೊಂದು ದೂರದರ್ಶಕ

ಮಾಗಡಿ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ಕೆಂಪೇಗೌಡರ ಕೋಟೆ ಮತ್ತು ಸಾವನದುರ್ಗದ ಹೆಬ್ಬಂಡೆ. ಇಲ್ಲಿ ಹೇಳಹೊರಟಿರುವ ಮಾಗಡಿ ಅದಲ್ಲ. ಇದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿ. ಇಲ್ಲಿ ಕೋಟೆಯಿಲ್ಲ, ಬೆಟ್ಟವಿಲ್ಲ. ಮಳೆಯ ನೀರನ್ನು ತಡೆದು ಹೊಲಗಳಿಗೆ ಹರಿಸಲೆಂದು ಜನರೇ ಕಟ್ಟಿಕೊಂಡ ಒಂದು ಕೆರೆಯುಂಟು. ಅದರ ವಿಸ್ತಾರ ಸುಮಾರು 54 ಹೆಕ್ಟೇರು, ಎಂದರೆ 130 ಎಕರೆಗೆ ತುಸು ಹೆಚ್ಚು. ಬೇಸಿಗೆಯಲ್ಲಿ ನೋಡಿದವರಿಗೆ ಇದು ಬಯಲುಸೀಮೆಯ ನೂರಾರು ಕೆರೆಗಳಲ್ಲಿ ಒಂದು. ಆದರೆ 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜಲನೆಲೆಗಳ ರಾಮ್ಸರ್ ಪಟ್ಟಿಯಲ್ಲಿ ಇದರ ಹೆಸರು ಸೇರಿತು. ಈ ಮನ್ನಣೆಯನ್ನು ತಂದುಕೊಟ್ಟವರಲ್ಲಿ ಮೊದಲಿಗರು ಇಲ್ಲಿಯ ಚಳಿಗಾಲದ ಅತಿಥಿಗಳು.

ಆ ಅತಿಥಿಯ ಹೆಸರು ಪಟ್ಟೆತಲೆಯ ಹೆಬ್ಬಾತು. ಬೂದುಬಣ್ಣದ ಮೈ, ಬಿಳಿಯ ತಲೆ, ಆ ಬಿಳುಪಿನ ಮೇಲೆ ಕಾಡಿಗೆಯಿಂದ ಎಳೆದಂತಿರುವ ಎರಡು ಅಡ್ಡಗೆರೆ. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳಲ್ಲಿ ಮರಿಮಾಡುವ ಈ ಹಕ್ಕಿಗಳು ನೀರು ಹೆಪ್ಪುಗಟ್ಟುವ ಮೊದಲೇ ದಕ್ಷಿಣಕ್ಕೆ ಹೊರಡುತ್ತವೆ. ಸಾಧ್ಯವಾದಷ್ಟೂ ಕಣಿವೆಗಳ ಮಗ್ಗುಲು ಹಿಡಿದು ಸಾಗಿದರೂ, ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮೇಲೇರಿದ ಹೆಬ್ಬಾತುಗಳು ಉಪಗ್ರಹ ಸಾಧನಗಳ ಲೆಕ್ಕಕ್ಕೆ ಸಿಕ್ಕಿವೆ. ನವೆಂಬರಿನ ಹೊತ್ತಿಗೆ ಅವು ಮಾಗಡಿಯಲ್ಲಿ ಇಳಿಯುತ್ತವೆ. ಸುತ್ತಲಿನ ಹೊಲಗಳಲ್ಲಿ ಶೇಂಗಾ, ಕಡಲೆ ಹೆಕ್ಕಿ ತಿಂದು, ಹೊತ್ತೇರಿದಂತೆ ಕೆರೆಗೆ ಮರಳಿ, ಹಗಲೆಲ್ಲ ನೀರಿನ ನಡುವೆ ವಿಶ್ರಮಿಸುತ್ತವೆ.

ನೋಡಲು ಹೋದವರ ಕಷ್ಟ ಮೊದಲಾಗುವುದು ಇಲ್ಲಿಯೇ. ಹಕ್ಕಿಗಳು ನಿದ್ರಿಸಲು ಆರಿಸಿಕೊಳ್ಳುವುದು ಮನುಷ್ಯನಿಗೆ ಅತಿ ದೂರವಾದ ಸ್ಥಳವನ್ನು. ಬರಿಗಣ್ಣಿಗೆ ಅಲ್ಲಿ ಕಾಣುವುದು ನೀರಂಚಿನ ಒಂದು ಬೂದುಗೆರೆ ಮಾತ್ರ. ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರಿನಲ್ಲಿ ಆ ಗೆರೆ ಹಕ್ಕಿಗಳಾಗುತ್ತದೆ, ಆದರೆ ಮುಖ ತಿಳಿಯುವುದಿಲ್ಲ. ಆಗ ಯಾರೋ ಒಬ್ಬರು ‘ಇನ್ನೂ ಸ್ವಲ್ಪ ಹತ್ತಿರ ಹೋಗೋಣ’ ಎನ್ನುತ್ತಾರೆ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಒಂದು ಕೊರಳು ಮೇಲೇಳುತ್ತದೆ, ಬಳಿಕ ನೂರು ಕೊರಳು, ಮರುಕ್ಷಣ ಇಡೀ ಹಿಂಡು ಕೂಗುತ್ತ ಗಗನಕ್ಕೇರುತ್ತದೆ. ನೋಡುವವರಿಗೆ ಅದೊಂದು ಸೊಗಸಾದ ದೃಶ್ಯವೆಂಬುದು ನಿಜ. ಆದರೆ ಮರಳಿ ಹಿಮಾಲಯ ದಾಟಬೇಕಾದ ಹಕ್ಕಿಗೆ ಅದು ಕೂಡಿಟ್ಟ ಕೊಬ್ಬಿನ ನಷ್ಟ. ದಿನಕ್ಕೆ ಐದು ಗುಂಪು ಹೀಗೆಯೇ ಕೆರೆಗಿಳಿದರೆ ವಿಶ್ರಾಂತಿಯ ಮಾತೆಲ್ಲಿ ಬಂತು?

ಏರಿಯ ಮೇಲೆಯೇ ನಿಂತು ಹತ್ತಿರ ಹೋಗುವ ಉಪಾಯವೆಂದರೆ ಸ್ಪಾಟಿಂಗ್ ಸ್ಕೋಪ್. ಒಂದೇ ಕಣ್ಣಿನಿಂದ ನೋಡುವ, ಮುಕ್ಕಾಲಿ ಪೀಠದ ಮೇಲೆ ನಿಲ್ಲಿಸುವ ಪುಟ್ಟ ದೂರದರ್ಶಕವಿದು. ಆರುನೂರು ಮೀಟರ್ ದೂರದ ಹಕ್ಕಿಯನ್ನು 30 ಪಟ್ಟು ಹಿಗ್ಗಿಸಿದರೆ ಅದು 20 ಮೀಟರಿನಲ್ಲಿ ನಿಂತಂತೆ ಕಾಣುವುದು. ಈ ವರ್ಷ ಹುಟ್ಟಿದ ಮರಿ ಯಾವುದು ಎಂಬಂಥ ಪ್ರಶ್ನೆಗಳಿಗೆ ಉತ್ತರ ಆಗಲೇ ಸಿಗುವುದು. ಎಳೆಯ ಹೆಬ್ಬಾತಿಗೆ ತಲೆಯ ಕರಿಗೆರೆಗಳು ಇನ್ನೂ ಮೂಡಿರುವುದಿಲ್ಲ.

ಇದಕ್ಕಿಂತ ದೊಡ್ಡ ಪ್ರಯೋಜನ ಮತ್ತೊಂದುಂಟು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ, ಅಂಕಿಗಳಿರುವ ಪಟ್ಟಿ ತೊಡಿಸಿ ಬಿಟ್ಟಿದ್ದಾರೆ. ಅಂಥ ಹಕ್ಕಿಗಳು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿವೆ. ಪಟ್ಟಿಯ ಬಣ್ಣ, ಅದರ ಮೇಲಿನ ಬರಹ, ದಿನಾಂಕ, ಕೆರೆಯ ಹೆಸರು, ಇಷ್ಟನ್ನು ಬರೆದುಕೊಂಡು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿದರೆ ಸಾಕು, ಒಂದು ಹಕ್ಕಿಯ ಸಾವಿರಾರು ಮೈಲಿಯ ಪ್ರಯಾಣದ ಕಥೆಗೆ ಒಂದು ಪುಟ ಸೇರಿತು. ಆದರೆ ಆ ಅಕ್ಷರವನ್ನು ಓದಲಾಗಬೇಕು! ‘ಎಂಟೋ, ಮೂರೋ’ ಎಂಬ ಸಂದೇಹ ಬಂದರೆ ಕಂಡದ್ದೆಲ್ಲ ವ್ಯರ್ಥ. ಆದ್ದರಿಂದ ಸ್ಕೋಪನ್ನು ಕೊಳ್ಳುವವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ದೊಡ್ಡದಾಗಿ ತೋರಿಸುತ್ತದೆ?’ ಎಂಬುದಲ್ಲ, ‘ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ?’ ಎಂಬುದು.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು 20–60×80 ಎಂಬಂಥ ಅಂಕಿ. ಇಪ್ಪತ್ತರಿಂದ ಅರವತ್ತು ಪಟ್ಟಿನವರೆಗೆ ಹಿಗ್ಗಿಸಬಲ್ಲದು, ಮುಂದಿನ ಮಸೂರದ ಅಗಲ 80 ಮಿಲಿಮೀಟರ್ ಎಂದು ಇದರ ಅರ್ಥ. ಕೊಳ್ಳುವವರು ಸಾಮಾನ್ಯವಾಗಿ ಅರವತ್ತಕ್ಕೆ ಮರುಳಾಗುತ್ತಾರೆ. ನೋಡಬೇಕಾದದ್ದು ಎಂಬತ್ತನ್ನು. ಮಸೂರದ ಅಗಲವನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬಿಯ ದಪ್ಪ ತಿಳಿಯುತ್ತದೆ. ಇಪ್ಪತ್ತು ಪಟ್ಟಿನಲ್ಲಿ ಅದು 4 ಮಿಲಿಮೀಟರ್, ಅರವತ್ತರಲ್ಲಿ 1.3 ಮಾತ್ರ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ 2ರಿಂದ 3 ಮಿಲಿಮೀಟರಿನಷ್ಟು ತೆರೆದಿರುತ್ತದೆ, ಸಂಜೆಗೆ ಇನ್ನೂ ಅಗಲವಾಗುತ್ತದೆ. ಹಿಗ್ಗಿಸಿದಂತೆಲ್ಲ ಚಿತ್ರ ಮಂಕಾಗುವುದರ ಗುಟ್ಟು ಇದು. 60 ಮಿಲಿಮೀಟರಿನ ಮಸೂರಕ್ಕಿಂತ 80ರದು ಸುಮಾರು 1.8 ಪಟ್ಟು ಬೆಳಕನ್ನು ಹಿಡಿಯುತ್ತದೆ. ಮೋಡದ ಮುಂಜಾನೆ, ಮುಸ್ಸಂಜೆಗಳಲ್ಲಿ ಈ ಅಂತರ ಎದ್ದು ಕಾಣುವುದು. ಆದರೆ ತೂಕವೂ ಅದರೊಂದಿಗೆ ಏರುತ್ತದೆ. ಬಸ್ಸಿಳಿದು ಮೈಲಿಗಟ್ಟಲೆ ನಡೆಯುವವರಿಗೆ ಅರವತ್ತರ ಹಗುರ ಸ್ಕೋಪು ಹಿತ; ಕಾರಿನಲ್ಲಿ ಬಂದು ಏರಿಯ ಮೇಲೆ ನಿಲ್ಲುವವರಿಗೆ ಎಂಬತ್ತರದು ಒಳ್ಳೆಯದು.

ಇನ್ನೊಂದು ಮಾತು. ಬಯಲುಸೀಮೆಯಲ್ಲಿ ಹನ್ನೊಂದು ಗಂಟೆಯ ಮೇಲೆ ನೆಲ ಕಾಯ್ದು ಗಾಳಿ ಕುದಿಯತೊಡಗುತ್ತದೆ. ಆಗ ಎಂಥ ಬೆಲೆಬಾಳುವ ಸ್ಕೋಪೇ ಇರಲಿ, ಅರವತ್ತು ಪಟ್ಟಿನಲ್ಲಿ ಹೆಬ್ಬಾತು ನೀರಿನೊಳಗಿನ ನೆರಳಿನಂತೆ ನಲುಗಾಡುತ್ತದೆ. ದೋಷ ಗಾಜಿನದಲ್ಲ, ಗಾಳಿಯದು. ಇಪ್ಪತ್ತೈದು ಮೂವತ್ತಕ್ಕೆ ಇಳಿಸಿ ನೋಡಬೇಕು, ಇಲ್ಲವೆ ಬೆಳಗಿನ ತಂಪಿನಲ್ಲಿಯೇ ಕೆಲಸ ಮುಗಿಸಬೇಕು.

ಗಾಜಿನ ಗುಣವನ್ನು ಅರಿಯಲು ಒಂದು ಸುಲಭ ಪರೀಕ್ಷೆಯುಂಟು. ಕಪ್ಪು ಮರದ ಮುಂದೆ ಕುಳಿತ ಬೆಳ್ಳಕ್ಕಿಯನ್ನು ನೋಡಿರಿ. ಸಾಧಾರಣ ಮಸೂರ ಬೆಳಕಿನ ಎಲ್ಲ ಬಣ್ಣಗಳನ್ನೂ ಒಂದೇ ಬಿಂದುವಿಗೆ ತರಲಾರದು. ಹಕ್ಕಿಯ ಅಂಚಿನಲ್ಲಿ ನೇರಳೆ ಅಥವಾ ಹಸಿರು ಜರಿ ಮೂಡುತ್ತದೆ. ‘ಇ.ಡಿ.’ ಎಂದು ಗುರುತಿಸುವ ವಿಶೇಷ ಗಾಜು ಅಥವಾ ಫ್ಲೋರೈಟ್ ಹರಳಿನ ಮಸೂರವುಳ್ಳ ಸ್ಕೋಪಿನಲ್ಲಿ ಈ ಜರಿ ಬಹುಮಟ್ಟಿಗೆ ಅಳಿದುಹೋಗುತ್ತದೆ. ಆಸ್ಟ್ರಿಯಾದ ಸ್ವರೋವ್‌ಸ್ಕಿ, ಜರ್ಮನಿಯ ಜೈಸ್, ಜಪಾನಿನ ಕೋವಾ ಕಂಪನಿಗಳ ಮೇಲ್ದರ್ಜೆಯ ಸ್ಕೋಪುಗಳಿಗೆ ಬೆಲೆ ಏರಲು ಇಂಥ ಗಾಜೂ ಒಂದು ಕಾರಣ. ಮಧ್ಯಮ ಬೆಲೆಯ ಸ್ಕೋಪುಗಳಲ್ಲಿಯೂ ಇ.ಡಿ. ಗಾಜು ಈಗ ದೊರೆಯುತ್ತದೆ. ಹೆಸರನ್ನಷ್ಟೇ ನಂಬದೆ, ದೂರದ ಅಂಗಡಿಯ ಫಲಕದ ಸಣ್ಣಕ್ಷರಗಳನ್ನು ಮೊದಲು ಮೂವತ್ತರಲ್ಲಿ, ಬಳಿಕ ಅರವತ್ತರಲ್ಲಿ ಓದಿ ನೋಡಬೇಕು. ಒಂದೇ ಮಾದರಿಯ ಎರಡು ಸ್ಕೋಪುಗಳಲ್ಲಿಯೂ ವ್ಯತ್ಯಾಸವಿರಬಹುದಾದ್ದರಿಂದ, ಪರೀಕ್ಷಿಸಿದ ಸ್ಕೋಪನ್ನೇ ಮನೆಗೆ ತರುವುದು ಜಾಣತನ.

ಸಂಸಾರ ಸಮೇತ ಹೋಗುವವರು ಐಪೀಸಿನ ಓರೆಯನ್ನೂ ಗಮನಿಸಬೇಕು. ನೇರ ಸ್ಕೋಪಿನಲ್ಲಿ ಹಕ್ಕಿಯನ್ನು ಬೇಗ ಹುಡುಕಬಹುದು. ನಲವತ್ತೈದು ಅಂಶ ಓರೆಯಾದದ್ದನ್ನು ಗಿಡ್ಡವಾಗಿ ನಿಲ್ಲಿಸಿದರೆ ತಾತ ಬಗ್ಗಿ ನೋಡಬಹುದು, ಮೊಮ್ಮಗಳು ನಿಂತೇ ನೋಡಬಹುದು. ಒಬ್ಬೊಬ್ಬರಿಗೂ ಪೀಠವನ್ನು ಏರಿಸಿ ಇಳಿಸುವ ತಾಪತ್ರಯವಿಲ್ಲ. ಕನ್ನಡಕದವರು ಐಪೀಸಿನಿಂದ 15 ಮಿಲಿಮೀಟರಿಗೂ ಹೆಚ್ಚು ದೂರದಲ್ಲಿ ಕಣ್ಣಿಟ್ಟಾಗಲೂ ಇಡೀ ವೃತ್ತ ಕಾಣುವಂಥದನ್ನು ಆರಿಸಿಕೊಳ್ಳಬೇಕು. ಯಾರೇ ನೋಡಲಿ, ಸ್ಕೋಪು ಸೂರ್ಯನತ್ತ ತಿರುಗಬಾರದು, ಕಣ್ಣಿಗೆ ಅಪಾಯ. ಮಕ್ಕಳಿಗೆ ಇದನ್ನು ಮೊದಲೇ ಹೇಳಿರಬೇಕು.

ಹಲವರು ಎಲ್ಲ ಹಣವನ್ನೂ ಸ್ಕೋಪಿಗೇ ಸುರಿದು, ಉಳಿದ ಚಿಲ್ಲರೆಯಲ್ಲಿ ಟ್ರೈಪಾಡ್ ಕೊಳ್ಳುತ್ತಾರೆ. ಕೆರೆಯ ಏರಿಯ ಮೇಲೆ ಗಾಳಿ ಸದಾ ಬೀಸುತ್ತದೆ. ಮೂವತ್ತು ಪಟ್ಟು ಹಿಗ್ಗಿದ್ದು ಹಕ್ಕಿ ಮಾತ್ರವಲ್ಲ, ಕಾಲಿನ ನಡುಕವೂ ಅಷ್ಟೇ ಹಿಗ್ಗಿರುತ್ತದೆ. ಗಟ್ಟಿ ಪೀಠದ ಮೇಲಿನ ಸಾಧಾರಣ ಸ್ಕೋಪು, ನಡುಗುವ ಪೀಠದ ಮೇಲಿನ ಉತ್ತಮ ಸ್ಕೋಪಿಗಿಂತ ಹೆಚ್ಚನ್ನು ತೋರಿಸುವುದು. ನಮ್ಮ ಮಳೆಗಾಲವನ್ನೂ ಮರೆಯಬಾರದು. ಒಳಗೆ ನೈಟ್ರೊಜನ್ ತುಂಬಿ, ನೀರಿಳಿಯದಂತೆ ಬಿಗಿದ ಸ್ಕೋಪಿನೊಳಗೆ ಮಂಜು ಕಟ್ಟದು. ಆದರೂ ಕತ್ತಲೆಯ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಗಾಜಿಗೆ ಬೂಷ್ಟು ಹಿಡಿಯಬಹುದು. ಜೊತೆಗೆ ಸಿಲಿಕಾ ಜೆಲ್ಲಿನ ಪೊಟ್ಟಣವಿಟ್ಟು, ಆಗಾಗ್ಗೆ ಹೊರತೆಗೆದು ಬಳಸುತ್ತಿರಬೇಕು.

ಮಾಗಡಿಗೆ ಹೋಗಲು ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಗದಗದಲ್ಲಿ ತಂಗಿ ನಸುಕಿನಲ್ಲೇ ಹೊರಡಬಹುದು. ಮರಳುವಾಗ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯನ್ನೂ ನೋಡಬಹುದು. ಸೂರ್ಯ ಬೆನ್ನಿಗಿರುವ ಕಡೆ ಪೀಠವನ್ನು ಊರಿ, ಸದ್ದಿಲ್ಲದೆ ಕಾದಿರಿ. ಹೊಲಗಳಿಂದ ಸಾಲುಸಾಲಾಗಿ ಬಂದ ಹೆಬ್ಬಾತುಗಳು ನೀರಿಗಿಳಿದು, ರೆಕ್ಕೆ ಕೊಡವಿ, ಒಂದೊಂದಾಗಿ ಕೊರಳನ್ನು ಬೆನ್ನಿಗೆ ಹುದುಗಿಸುತ್ತವೆ. ಆ ಸಾಲಿನಲ್ಲಿ ಎಲ್ಲಿಯಾದರೂ ಒಂದು ಕೊರಳಪಟ್ಟಿ ಹೊಳೆದರೆ ನಿಧಾನವಾಗಿ ಓದಿ ಬರೆದುಕೊಳ್ಳಿರಿ. ನೀವು ಪೀಠವನ್ನು ಮಡಿಸಿಕೊಂಡು ಹೊರಡುವಾಗಲೂ ಆ ಹಿಂಡು ಅಲ್ಲಿಯೇ ನಿದ್ರಿಸುತ್ತಿದ್ದರೆ, ನೀವು ಕೊಂಡ ಸ್ಕೋಪು ಒಳ್ಳೆಯದೆಂದೇ ತಿಳಿಯಿರಿ.