ಕಂದಾಯ ಕಟ್ಟುವ ಕೌರವ

ಪಾಂಡವರಿಗೆ ಸೂಜಿಮೊನೆಯಷ್ಟು ನೆಲವನ್ನೂ ಬಿಡೆನೆಂದು ಹಟ ಹಿಡಿದವನ ಹೆಸರಿನಲ್ಲಿ ಕೇರಳದ ಒಂದು ಹಳ್ಳಿಯಲ್ಲಿ ಜಮೀನಿದೆ. ಕೊಲ್ಲಂ ಜಿಲ್ಲೆ, ಕುನ್ನತ್ತೂರು ತಾಲೂಕು, ಪೋರುವಳಿ ಗ್ರಾಮ. ಅಲ್ಲಿಯ ಪೆರುವಿರುತ್ತಿ ಮಲನಡ ಎಂಬ ಗುಡಿಯ ಭೂಮಿಗೆ ದುರ್ಯೋಧನನ ಹೆಸರಿನಲ್ಲೇ ಕಂದಾಯ ಕಟ್ಟುತ್ತಾ ಬಂದಿದ್ದಾರೆ. ನಮ್ಮ ಕಡೆ ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಹೆಸರು ಬದಲಾಗದೆ ಮೊಮ್ಮಕ್ಕಳು ನಾಡಕಚೇರಿಗೆ ಅಲೆಯುವುದುಂಟು. ದ್ವಾಪರದಿಂದ ಖಾತೆ ಬದಲಾಗದ ಪ್ರಕರಣ ಇದೊಂದೇ ಇರಬೇಕು.

ಶಾಸ್ತಾಂಕೋಟ್ಟದ ದೊಡ್ಡ ಸಿಹಿನೀರಿನ ಕೆರೆಯನ್ನು ನೋಡಲೆಂದು ಆ ಕಡೆ ಹೋದವನು ನಾನು. ಕೆರೆಯ ಪಕ್ಕದ ದೇವಸ್ಥಾನದಲ್ಲಿ ಕೋತಿಗಳ ಕಾಟ ಜಾಸ್ತಿಯಾಗಿ ಬೇಗ ಹೊರಟೆ. ಚಹಾದಂಗಡಿಯಲ್ಲಿ ಒಬ್ಬರು, ‘ಕರ್ನಾಟಕದವರಾ? ಹಾಗಾದರೆ ನಮ್ಮ ಅಪ್ಪೂಪ್ಪನನ್ನು ನೋಡದೆ ಹೋಗಬೇಡಿ’ ಎಂದರು. ಅಪ್ಪೂಪ್ಪನ್ ಅಂದರೆ ಅಜ್ಜ. ಯಾರ ಅಜ್ಜ ಎಂದು ಕೇಳಿದ್ದಕ್ಕೆ ‘ದುರ್ಯೋಧನನ್’ ಎಂದು ಹೇಳಿ ಗ್ಲಾಸು ತೊಳೆಯಲು ಹೊರಟೇಹೋದರು. ಪಕ್ಕದ ಮನೆಯ ಹಿರಿಯರ ವಿಷಯ ಹೇಳಿದಷ್ಟು ಸಲೀಸು.

ರಬ್ಬರ್ ತೋಟಗಳ ನಡುವೆ ತಗ್ಗಿನಲ್ಲಿ ಗದ್ದೆ, ಗದ್ದೆಯಾಚೆ ಒಂದು ಗುಡ್ಡ, ಗುಡ್ಡದ ತಲೆಯ ಮೇಲೆ ಮಲನಡ. ಗರ್ಭಗುಡಿ ಹುಡುಕಿದರೆ ಸಿಗುವುದಿಲ್ಲ. ಮೂರ್ತಿಯೂ ಇಲ್ಲ. ಇರುವುದು ಎತ್ತರಿಸಿ ಕಟ್ಟಿದ ಒಂದು ಕಟ್ಟೆ ಮಾತ್ರ. ಜನ ಅದರ ಮುಂದೆ ನಿಂತು ಕೈಮುಗಿಯುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ. ಹರಕೆಗೆ ವೀಳ್ಯದೆಲೆ, ಅಡಿಕೆ, ಕೆಂಪು ಪಟ್ಟೆ, ಕೋಳಿ. ಎಲ್ಲಕ್ಕಿಂತ ಮುಖ್ಯವಾಗಿ ಕಳ್ಳು.

ಕಳ್ಳಿಗೂ ಅಜ್ಜನಿಗೂ ಇರುವ ಸಂಬಂಧವೇ ಇಲ್ಲಿಯ ಸ್ಥಳಪುರಾಣ. ವನವಾಸದಲ್ಲಿದ್ದ ಪಾಂಡವರನ್ನು ಹುಡುಕುತ್ತ ಕೌರವ ಈ ಕಾಡಿಗೆ ಬಂದನಂತೆ. ನಡೆದು ದಣಿದು, ಬಾಯಾರಿ ಒಂದು ಮನೆಯ ಮುಂದೆ ನಿಂತ. ಮನೆಯಲ್ಲಿದ್ದ ಹೆಂಗಸು ಅತಿಥಿಗೆ ತನ್ನಲ್ಲಿದ್ದದ್ದನ್ನು, ಅಂದರೆ ಕಳ್ಳನ್ನು ಕೊಟ್ಟಳು. ಕುಡಿದ ಮೇಲೆ ಅವಳ ಕತ್ತಿನ ತಾಳಿ ಕಣ್ಣಿಗೆ ಬಿತ್ತು. ಅವಳು ಕುರವ ಜಾತಿಯವಳು, ಊರು ದೂರ ಇಟ್ಟವಳು ಎಂದು ತಿಳಿಯಿತು. ಹಸ್ತಿನಾವತಿಯ ಅರಸು ಸಿಟ್ಟಾಗಲಿಲ್ಲ, ಪ್ರಾಯಶ್ಚಿತ್ತಕ್ಕೆ ಪುರೋಹಿತರನ್ನು ಕರೆಸಲಿಲ್ಲ. ಸಂತೋಷಪಟ್ಟು ಗುಡ್ಡವನ್ನೂ ಸುತ್ತಲಿನ ಭೂಮಿಯನ್ನೂ ಅವರಿಗೆ ಬಿಟ್ಟುಕೊಟ್ಟು, ಜನರ ಒಳಿತಿಗಾಗಿ ಗುಡ್ಡದ ಮೇಲೆ ಕೂತು ಧ್ಯಾನ ಮಾಡಿದನಂತೆ.

ದಾಯಾದಿಗಳಿಗೆ ಐದು ಊರು ಕೊಡಲಾರದವನು ಒಂದು ಗುಟುಕಿಗೆ ಗುಡ್ಡವನ್ನೇ ಬರೆದುಕೊಟ್ಟ! ವ್ಯಾಸರಿಗೆ ಈ ಸುದ್ದಿ ಮುಟ್ಟಿರಲಿಲ್ಲವೆಂದು ಕಾಣುತ್ತದೆ.

ಕಥೆಯನ್ನು ನಂಬುವುದು ಬಿಡುವುದು ಅವರವರ ಇಷ್ಟ. ಆದರೆ ಅದರ ಫಲ ಕಣ್ಣೆದುರಿಗೇ ಇದೆ. ಇಲ್ಲಿಯ ಪೂಜಾರಿ ಇಂದಿಗೂ ಕುರವ ಸಮುದಾಯದವರೇ, ಊರಾಳಿ ಎನ್ನುತ್ತಾರೆ. ತಿರುವಾಂಕೂರು ಸಂಸ್ಥಾನದಲ್ಲಿ ದಲಿತರಿಗೆ ದೇವಸ್ಥಾನದ ಬಾಗಿಲು ತೆರೆದದ್ದು 1936ರ ನವೆಂಬರ್ 12ರ ರಾಜಾಜ್ಞೆಯಿಂದ. ಅಲ್ಲಿಯವರೆಗೆ ದೊಡ್ಡ ದೇವಸ್ಥಾನಗಳ ಸುತ್ತಲಿನ ಬೀದಿಯಲ್ಲಿ ನಡೆಯುವುದಕ್ಕೂ ಜಗಳವಾಡಬೇಕಿತ್ತು. ವೈಕಂನಲ್ಲಿ ಅದಕ್ಕಾಗಿಯೇ 1924ರಲ್ಲಿ ಸತ್ಯಾಗ್ರಹ ಶುರುವಾಯಿತು. ಇಲ್ಲಿ ಮಾತ್ರ ಅಂಥ ಆಜ್ಞೆಯ ಅಗತ್ಯ ಬೀಳಲಿಲ್ಲ. ಬಾಗಿಲೇ ಇಲ್ಲದ ಗುಡಿಯಲ್ಲಿ ಯಾರು ಯಾರನ್ನು ತಡೆಯುವುದು?

ಓದಿಕೊಂಡವರು ಬೇರೆ ವಿವರಣೆ ಕೊಟ್ಟಾರು: ಇದು ಹಳೆಯ ಬೆಟ್ಟದ ದೈವ, ಯಾವುದೋ ಕಾಲದ ಕುಲದ ಹಿರಿಯ, ಮಹಾಭಾರತದ ಹೆಸರು ಮೇಲಿಂದ ಅಂಟಿಕೊಂಡದ್ದು ಎಂದು. ಇರಬಹುದು. ಆದರೂ ಅಂಟಿಸಿಕೊಳ್ಳಲು ಧರ್ಮರಾಯನಿದ್ದ, ಅರ್ಜುನನಿದ್ದ, ಸಾಕ್ಷಾತ್ ಕೃಷ್ಣನೇ ಇದ್ದ. ಅವರನ್ನೆಲ್ಲ ಬಿಟ್ಟು ಈ ಊರು ತೊಡೆ ಮುರಿಸಿಕೊಂಡು ಬಿದ್ದವನನ್ನೇ ಆರಿಸಿಕೊಂಡಿತಲ್ಲ, ನನಗೆ ಅದು ಮುಖ್ಯ.

ನಮಗೇನೂ ಇದು ತೀರ ಹೊಸತಲ್ಲ. ಮುಧೋಳದ ಬಳೆಗಾರರ ಮನೆಯ ರನ್ನ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನ ಜಾಗದಲ್ಲಿಟ್ಟು ಕಾವ್ಯ ಕಟ್ಟಿದ. ಅದನ್ನು ಓದಿದವರ ಮನಸ್ಸಿನಲ್ಲಿ ಉಳಿದವನು ಮಾತ್ರ ದುರ್ಯೋಧನ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ತಮ್ಮನಿಗಾಗಿ, ಕರ್ಣನಿಗಾಗಿ ಅತ್ತವನು, ವೈರಿಯ ಮಗ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿದವನು. ಯಕ್ಷಗಾನದಲ್ಲೂ ಅಷ್ಟೇ. ಗದಾಪರ್ವದ ಕೌರವ ಬೆಳಗಿನ ಜಾವ ರಂಗಕ್ಕೆ ಬಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ; ಭೀಮ ಬಂದಾಗ ಕೆಲವರು ಚಹಾ ಕುಡಿಯಲು ಹೋಗುವುದನ್ನು ನಾನೇ ಕಂಡಿದ್ದೇನೆ. ಇನ್ನೊಂದು ಸೋಜಿಗವೆಂದರೆ, ತೊಡೆ ಮುರಿದ ದುರ್ಯೋಧನನನ್ನು ಕರುಣೆಯಿಂದ ಕಂಡ ‘ಊರುಭಂಗ’ವೂ ಸೇರಿದಂತೆ ಭಾಸನ ನಾಟಕಗಳ ಓಲೆಗರಿ ಸಿಕ್ಕಿದ್ದು ಇದೇ ತಿರುವಾಂಕೂರು ಸೀಮೆಯಲ್ಲಿ. ಟಿ. ಗಣಪತಿ ಶಾಸ್ತ್ರಿಗಳು ಅವನ್ನು 1912ರಿಂದ ತಿರುವನಂತಪುರದಲ್ಲಿ ಅಚ್ಚು ಹಾಕಿಸಿದರು. ಆದರೆ ಕವಿಗಳು ಅನುಕಂಪ ತೋರಿಸಿ ಕಥೆ ಮುಗಿಸಿದರು. ಪೋರುವಳಿಯವರು ಕಟ್ಟೆ ಕಟ್ಟಿ, ಕಂದಾಯವನ್ನೂ ಕಟ್ಟಿದರು.

ಗದ್ದಲ ಇಷ್ಟಪಡುವವರು ಮಲೆಯಾಳದ ಮೀನ ಮಾಸದಲ್ಲಿ, ಅಂದರೆ ಮಾರ್ಚ್ ಹೊತ್ತಿಗೆ, ಅದರ ಎರಡನೇ ಶುಕ್ರವಾರ ಹೋಗಬೇಕು. ಮಲಕ್ಕುಡ ಉತ್ಸವ. ಮರ, ಬಿದಿರು, ಬಟ್ಟೆಯಿಂದ ಕಟ್ಟಿದ ಕುದುರೆ, ಎತ್ತುಗಳ ಭಾರಿ ಆಕಾರಗಳನ್ನು ಸುತ್ತಲಿನ ಹಳ್ಳಿಯವರು ತರುತ್ತಾರೆ. ‘ಎಡುಪ್ಪುಕುದಿರ’ಗಳನ್ನಂತೂ ಹೆಗಲ ಮೇಲೆ ಹೊತ್ತೇ ಗದ್ದೆ ದಾಟಿಸುತ್ತಾರೆ. ನಾನು ಹೋದ ದಿನ ಉತ್ಸವವಿರಲಿಲ್ಲ. ಕಟ್ಟೆಯ ಮುಂದೆ ಒಬ್ಬ ತಾಯಿ ಪರೀಕ್ಷೆಗೆ ಹೊರಟ ಮಗಳನ್ನು ನಿಲ್ಲಿಸಿಕೊಂಡು ಏನೋ ಬೇಡಿಕೊಳ್ಳುತ್ತಿದ್ದಳು. ಜೂಜಾಡಿ ರಾಜ್ಯ ಗೆದ್ದವನ ಹತ್ತಿರ ಪಾಸು ಮಾಡಿಸೆಂದು ಕೇಳುವುದು ತಮಾಷೆ ಎನಿಸಿತಾದರೂ ನಗಲು ಧೈರ್ಯ ಬರಲಿಲ್ಲ.

ಅದೇ ಜಿಲ್ಲೆಯ ಪವಿತ್ರೇಶ್ವರದಲ್ಲಿ ಶಕುನಿಗೂ ಗುಡಿಯಿದೆ. ಸೋದರಮಾವನನ್ನು ದೂರ ಬಿಟ್ಟಿರಲು ಅಳಿಯನಿಗೆ ಆಗುವುದಿಲ್ಲವಲ್ಲ! ಅಲ್ಲಿಗೆ ನಾನು ಹೋಗಲಿಲ್ಲ. ಶಕುನಿಯ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಅಷ್ಟು ದೊಡ್ಡದಾಗಿಲ್ಲ.

ಪ್ರತಿ ಚಳಿಗಾಲ ನಮ್ಮ ರಾಜ್ಯದಿಂದ ಸಾವಿರಾರು ಜನ ಅಯ್ಯಪ್ಪನ ಮಾಲೆ ಹಾಕಿ ಪಂದಳದವರೆಗೂ ಹೋಗುತ್ತಾರೆ. ಅಲ್ಲಿಂದ ಅಡೂರಿನ ದಾರಿ ಹಿಡಿದರೆ ಮಲನಡ ದೂರವೇನಲ್ಲ. ವ್ಯಾನಿನವರಿಗೆ ಹೇಳಿ ಒಂದು ಗಳಿಗೆ ನಿಲ್ಲಿಸಿ. ಮಾಲೆಯಲ್ಲಿರುವವರು ವೀಳ್ಯ ಒಪ್ಪಿಸಿ ಕೈಮುಗಿದರೆ ಸಾಕು. ಕಳ್ಳಿನ ಹರಕೆಯನ್ನು ಮಾಲೆ ತೆಗೆದ ಮೇಲಕ್ಕೆ ಇಟ್ಟುಕೊಳ್ಳಿ.