ಪಟ್ಟು ಟಿವಿಯಿಂದ ಬಂತು, ಡಾಕ್ಟರ್ ಬರಲಿಲ್ಲ

ಕಳೆದ ವರ್ಷ ನಮ್ಮ ಪಕ್ಕದ ಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇತ್ತು. ನಾನು ಸುದ್ದಿ ಮಾಡಲು ಹೋಗಿದ್ದೆ. ರಾತ್ರಿ ಹನ್ನೊಂದೂವರೆಗೆ ಸೆಮಿಫೈನಲ್. ನಮ್ಮ ಚಿಕ್ಕಪ್ಪನ ಮಗ ರೈಡ್‌ಗೆ ಹೋದ. ಅವನ ತಂಡದ ಹಿಂದಿನ ಎರಡು ರೈಡ್ ಖಾಲಿ ಹೋಗಿದ್ದವು. ಇದು ಮೂರನೆಯದು. ಅಂಕ ತರದೆ ವಾಪಸ್ ಬಂದರೆ ಔಟ್.

ಎಡ ಕಾರ್ನರ್‌ನವನು ಕಾಲಿಗೆ ಕೈ ಹಾಕಿದ. ಇವನು ಬಿಡಿಸಿಕೊಂಡು ತಿರುಗುವಷ್ಟರಲ್ಲಿ ಕವರ್‌ನಲ್ಲಿದ್ದ ಹುಡುಗ ಓಡಿಬಂದು ಎದೆಗೆ ಡ್ಯಾಶ್ ಕೊಟ್ಟ. ಮೈ ಒಂದು ಕಡೆ ಹೋಯಿತು, ಬಲಗಾಲು ಮಾತ್ರ ಮ್ಯಾಟ್ ಮೇಲೆ ನಿಂತಲ್ಲೇ ನಿಂತಿತು.

ಮೈಕಿನವನು ಕೂಗಿದ, "ಏನ್ ಡ್ಯಾಶ್ ಸ್ವಾಮಿ ಅದು! ಥೇಟ್ ಪ್ರೊ ಕಬಡ್ಡಿ!" ಜನ ಶಿಳ್ಳೆ ಹೊಡೆದರು. ಡಿಜೆಯವನು ಹಾಡು ಹಾಕಿದ. ನಮ್ಮ ಹುಡುಗ ಏಳಲಿಲ್ಲ.

ಯಾರೋ ನೋವಿನ ಸ್ಪ್ರೇ ಹೊಡೆದರು. ಇನ್ಯಾರೋ ಕಾಲು ಎಳೆದು ನೋಡಿದರು. ಆಂಬುಲೆನ್ಸ್ ಇರಲಿಲ್ಲ. ಶಾಮಿಯಾನ ತಂದಿದ್ದ ಗೂಡ್ಸ್ ಆಟೋದ ಹಿಂದೆ ಮಲಗಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋದೆವು. ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು. ಆಪರೇಷನ್‌ಗೆ ಎರಡು ಲಕ್ಷದ ಹತ್ತಿರ ಬಂತು. ಘಾಟಿ ಜಾತ್ರೆಗೆಂದು ಚಿಕ್ಕಪ್ಪ ಮೇಯಿಸಿದ್ದ ಜೋಡಿ ಹೋರಿಗಳು ಜಾತ್ರೆಗೆ ಮೊದಲೇ ಮನೆ ಬಾಗಿಲಲ್ಲೇ ಮಾರಾಟವಾದವು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಮಾರನೇ ದಿನ ನಾನು ಪತ್ರಿಕೆಗೆ ಕಳಿಸಿದ ಸುದ್ದಿಯಲ್ಲಿ ಗೆದ್ದ ತಂಡ ಇತ್ತು, ಬಹುಮಾನದ ಮೊತ್ತ ಇತ್ತು, ವೇದಿಕೆ ಮೇಲಿದ್ದ ಹದಿನಾಲ್ಕು ಗಣ್ಯರ ಹೆಸರಿತ್ತು. ಗಾಯದ ಬಗ್ಗೆ ಒಂದು ಸಾಲೂ ಇರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಅದನ್ನು ಟೈಪ್ ಮಾಡಿದ್ದೆ.

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿದೆ. ಕಬಡ್ಡಿ ಮೊದಲಿಗಿಂತ ಒರಟಾಗಿದೆಯಾ?

ಚಿಕ್ಕಪ್ಪನಿಗೆ ಅನುಮಾನವೇ ಇಲ್ಲ. "ನಮ್ ಕಾಲ್ದಲ್ಲಿ ಹಿಂಗಿರ್ಲಿಲ್ಲ ಕಣ್ ಮಗ. ಆಟ ಆಟದಂಗಿತ್ತು" ಅಂತಾರೆ. ಹೇಳುವಾಗ ಕೈ ಎತ್ತುತ್ತಾರೆ. ಆ ಕೈಯ ಕಿರುಬೆರಳು ಸೊಟ್ಟ. ಕಬಡ್ಡಿಯಲ್ಲೇ ಮುರಿದಿದ್ದು, ನಾಟಿ ವೈದ್ಯರು ಕಟ್ಟಿದ್ದು. ಅವರ ಕಾಲದಲ್ಲಿ ಸಿಕ್ಕಿಬಿದ್ದವನ ಉಸಿರು ನಿಲ್ಲಿಸಲು ಬಾಯಿಗೇ ಕೈ ಅಡ್ಡ ಇಡುತ್ತಿದ್ದರಂತೆ, ಕತ್ತು ಅಮುಕುತ್ತಿದ್ದರಂತೆ. ಆಟ ಮುಗಿದ ಮೇಲೆ ಎರಡು ಊರಿನವರು ದೊಣ್ಣೆ ಹಿಡಿದ ಕತೆಯನ್ನೂ ಅವರೇ ನಗುನಗುತ್ತಾ ಹೇಳಿದ್ದಾರೆ. ಹಾಗಾಗಿ ಹಳೆಯ ಆಟ ಸಾಧುವಾಗಿತ್ತು ಅನ್ನೋದನ್ನು ನಾನು ನಂಬುವುದಿಲ್ಲ.

ನಾವು ಆಡುವಾಗಲೂ ಗಾಯ ಇತ್ತು. ಮಾಕಳಿದುರ್ಗದ ಬೆಟ್ಟದ ಕೆಳಗೆ, ರಾಗಿ ಕೊಯ್ದ ಹೊಲದಲ್ಲಿ ಮಣ್ಣು ಅಗೆದು, ಕಲ್ಲು ಆಯ್ದು, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆವು. ಹಿಂದೂಪುರದ ಕಡೆ ಹೋಗುವ ಸಂಜೆ ರೈಲು ಕೂಗಿದರೆ ಆಟ ಬಂದ್. ಮನೆಗೆ ಹೋಗುವಷ್ಟರಲ್ಲಿ ಮೊಣಕೈ, ಮಂಡಿ ಎರಡೂ ತರಚಿ ರಕ್ತ. ಅವ್ವ ಅರಿಸಿನ ಮೆತ್ತುತ್ತಿದ್ದಳು. ಮಣ್ಣಿನಲ್ಲಿ ಕಾಲು ಜಾರುತ್ತಿತ್ತು, ಹಾಗಾಗಿ ಚರ್ಮ ಹೋಗುತ್ತಿತ್ತು. ಮ್ಯಾಟ್ ಮೇಲೆ ಶೂ ಕಚ್ಚಿಕೊಳ್ಳುತ್ತೆ. ಚರ್ಮ ಉಳಿಯುತ್ತೆ. ಆದರೆ ಪಾದ ನಿಂತು ಮೈ ತಿರುಗಿದರೆ ಆ ತಿರುಚು ಪೂರ್ತಿ ಮಂಡಿಗೆ ಬೀಳುತ್ತೆ. ಚರ್ಮಕ್ಕೆ ಅರಿಸಿನ ಸಾಕು, ಲಿಗಮೆಂಟಿಗೆ ಸಾಲದು.

ದೊಡ್ಡ ಬದಲಾವಣೆ ಬಂದಿದ್ದು 2014ರಲ್ಲಿ. ಆ ವರ್ಷ ಜುಲೈನಲ್ಲಿ ಎಂಟು ತಂಡಗಳೊಂದಿಗೆ ಪ್ರೊ ಕಬಡ್ಡಿ ಶುರುವಾಯಿತು. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ರಾಕೇಶ್ ಕುಮಾರ್‌ಗೆ, 12.80 ಲಕ್ಷ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಬೆಲೆ 2.6 ಕೋಟಿ ದಾಟಿತು. ನಮ್ಮ ಹುಡುಗರಿಗೆ ಈ ಲೆಕ್ಕ ಬಾಯಿಪಾಠ. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಕಪ್ ಗೆದ್ದಾಗ ಪವನ್ ಒಬ್ಬನೇ 22 ಅಂಕ ತಂದಿದ್ದ. ಆ ರಾತ್ರಿ ನಮ್ಮೂರಲ್ಲಿ ಪಟಾಕಿ ಹೊಡೆದರು.

ಟಿವಿಗೆ ಬಂದ ಮೇಲೆ ಆಟ ಎರಡೂ ಕಡೆಗೆ ಜಗ್ಗಿದೆ. ಒಂದು ಕಡೆ, ಮೈಗೆ ಮೈ ತಾಗಲೇಬೇಕು ಅನ್ನುವ ನಿಯಮಗಳು. ಮೂವತ್ತು ಸೆಕೆಂಡಿನಲ್ಲಿ ರೈಡ್ ಮುಗಿಯಬೇಕು. ಎರಡು ಖಾಲಿ ರೈಡ್ ಆದರೆ ಮೂರನೆಯದು 'ಡು ಆರ್ ಡೈ'. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಮ್ಮಿ ಉಳಿದಿರುವಾಗ ರೈಡರ್‌ನನ್ನು ಹಿಡಿದರೆ ಎರಡು ಅಂಕ. ನೋಡೋರಿಗೆ ಬೇಜಾರಾಗಬಾರದು ಅಂತ ಇದೆಲ್ಲ. ಸುಮ್ಮನೆ ಗೆರೆ ಮುಟ್ಟಿ ಹೊತ್ತು ಕಳೆದು ಬರುವ ರೈಡರ್‌ಗೆ ಈಗ ಬದುಕಿಲ್ಲ, ನುಗ್ಗಲೇಬೇಕು.

ಇನ್ನೊಂದು ಕಡೆ, ಬಿಗಿಯೂ ಇದೆ. ಬಾಯಿ ಮುಚ್ಚುವುದು, ಕತ್ತು ಹಿಸುಕುವುದು, ಕಾಲುಗಳಲ್ಲಿ ಕತ್ತರಿ ಹಾಕುವುದು, ಗಾಯವಾಗುವಂತೆ ಹಿಡಿಯುವುದು ಎಲ್ಲ ಫೌಲ್. ಹಸಿರು ಕಾರ್ಡ್ ಅಂದರೆ ಎಚ್ಚರಿಕೆ. ಹಳದಿ ಅಂದರೆ ಎರಡು ನಿಮಿಷ ಹೊರಗೆ. ಕೆಂಪು ಅಂದರೆ ಆ ಪಂದ್ಯವೇ ಮುಗಿಯಿತು. ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಫಿಸಿಯೋ.

ಇಷ್ಟೆಲ್ಲ ಇದ್ದೂ ಮಂಡಿ ಹೋಗುತ್ತೆ. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅದೇ ಪವನ್, ಆಗ ತಮಿಳ್ ತಲೈವಾಸ್ ತಂಡದವನು, ಮೊದಲ ಪಂದ್ಯದಲ್ಲೇ ಎದುರಾಳಿ ರೈಡರ್‌ನನ್ನು ಹಿಡಿಯಲು ಹೋಗಿ ಮಂಡಿ ತಿರುಚಿಕೊಂಡ. ಇಡೀ ಸೀಸನ್ ಆಡಲಿಲ್ಲ. ಅದರಲ್ಲಿ ಯಾರ ಒರಟುತನವೂ ಇರಲಿಲ್ಲ. ಆದರೆ ಅವನಿಗೆ ಒಳ್ಳೆಯ ಡಾಕ್ಟರ್ ಸಿಕ್ಕರು, ಸುಧಾರಿಸಿಕೊಳ್ಳಲು ಟೈಮ್ ಸಿಕ್ಕಿತು. ಮುಂದಿನ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ನಾಯಕನಾಗಿ ಚಿನ್ನ ಗೆದ್ದ.

ಇದೇ ಪ್ರಶ್ನೆಯನ್ನು ಅಮೆರಿಕದವರು ತಮ್ಮ ಆಟದ ಬಗ್ಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳಿಕೊಳ್ಳುತ್ತಿದ್ದಾರೆ. ಅವರ ಫುಟ್‌ಬಾಲ್ ಬೇರೆ. ಚೆಂಡು ಕೈಯಲ್ಲಿ ಹಿಡಿದು ಓಡುತ್ತಾರೆ, ಓಡುವವನನ್ನು ಎದುರಿನವರು ಗುದ್ದಿ ಕೆಡವುತ್ತಾರೆ. ಹಿಡಿಯುವುದು, ಬಿಡಿಸಿಕೊಳ್ಳುವುದು ನೋಡಿದರೆ ನಮ್ಮ ಕಬಡ್ಡಿಯ ದೂರದ ನೆಂಟ. 1905ರ ಒಂದೇ ಸೀಸನ್‌ನಲ್ಲಿ ಹದಿನೆಂಟು ಹುಡುಗರಾದರೂ ಸತ್ತರೆಂದು ಅಲ್ಲಿನ ಪತ್ರಿಕೆ ಲೆಕ್ಕ ಕೊಟ್ಟಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜು ತಂಡಗಳ ಪ್ರತಿನಿಧಿಗಳನ್ನು ಕರೆಸಿ ಮಾತಾಡಿದರು. ಮುಂದಿನ ವರ್ಷ ನಿಯಮ ಬದಲಾಯಿತು. 1943ರಲ್ಲಿ ವೃತ್ತಿಪರ ಲೀಗ್ ಹೆಲ್ಮೆಟ್ ಕಡ್ಡಾಯ ಮಾಡಿತು. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಹೆಲ್ಮೆಟ್ ಬಳಕೆ ಹೆಚ್ಚಿತು. ತಲೆಬುರುಡೆ ಉಳಿಯಿತು. ಆದರೆ ತಲೆ ಭದ್ರ ಅನ್ನುವ ಧೈರ್ಯದಲ್ಲಿ ತಲೆಯಿಂದಲೇ ಗುದ್ದಲು ಶುರುಮಾಡಿದರು. ಒಳಗೆ ಮಿದುಳು ಅಲುಗಾಡುತ್ತಲೇ ಇತ್ತು. 2017ರಲ್ಲಿ ಬಾಸ್ಟನ್ನಿನ ವೈದ್ಯರು ಆ ಲೀಗ್‌ನಲ್ಲಿ ಆಡಿ ತೀರಿಕೊಂಡ 111 ಮಂದಿಯ ಮಿದುಳು ಪರೀಕ್ಷಿಸಿದ ವರದಿ ಕೊಟ್ಟರು. 110ರಲ್ಲಿ ಪದೇಪದೇ ಪೆಟ್ಟು ಬಿದ್ದವರಿಗೆ ಬರುವ ಕಾಯಿಲೆ ಕಂಡಿತು. ಅನುಮಾನ ಇದ್ದ ಮನೆಯವರೇ ಮಿದುಳು ದಾನ ಕೊಟ್ಟಿದ್ದರಿಂದ ಎಲ್ಲ ಆಟಗಾರರಿಗೂ ಹಾಗೇ ಅಂತಲ್ಲ. ಆದರೂ ಕಣ್ಣಿಗೆ ಕಾಣುವ ಸಾವು ಕಮ್ಮಿಯಾದ ಮೇಲೂ ಕಾಣದ ಪೆಟ್ಟು ಉಳಿದಿತ್ತು ಅನ್ನೋದು ಗೊತ್ತಾಯಿತು. ಗೊತ್ತಾಗಿದ್ದು ಯಾರೋ ಲೆಕ್ಕ ಇಟ್ಟಿದ್ದರಿಂದ.

ಇದನ್ನು ಓದಿದಾಗ ನಮ್ಮ ಮ್ಯಾಟ್ ನೆನಪಾಯಿತು. ಮೆತ್ತಗಿದೆ ಅನ್ನುವ ಧೈರ್ಯದಲ್ಲೇ ನಮ್ಮ ಹುಡುಗರು ಎತ್ತಿ ಹಾಕುತ್ತಾರೆ, ಓಡಿಬಂದು ಗುದ್ದುತ್ತಾರೆ.

ಹಾಗಾಗಿ ನನಗೆ ಸಿಕ್ಕ ಉತ್ತರ ಇಷ್ಟು. ಟಿವಿಯ ಕಬಡ್ಡಿ ಮೊದಲಿಗಿಂತ ಜೋರಾಗಿದೆ, ಆದರೆ ಅದಕ್ಕೆ ತಕ್ಕ ಬೇಲಿಯೂ ಇದೆ. ನಮ್ಮೂರಿಗೆ ಜೋರು ಮಾತ್ರ ಬಂದಿದೆ, ಬೇಲಿ ಬಂದಿಲ್ಲ. ಅಧಿಕೃತ ಪಂದ್ಯಗಳಲ್ಲಿ ತೂಕದ ಮಿತಿ ಇದೆ. ನಮ್ಮ 'ಓಪನ್' ಪಂದ್ಯದಲ್ಲಿ ಪಿಯುಸಿ ಹುಡುಗನ ಎದುರು ಮೂವತ್ತರ ಆಳು ನಿಲ್ಲುತ್ತಾನೆ. ಕಾರ್ಡ್ ತೋರಿಸಿದರೆ ಅಂಪೈರ್‌ಗೇ ಹೊಡೆತ ಬೀಳುವ ಭಯ. 2022ರಲ್ಲಿ ತಮಿಳುನಾಡಿನ ಒಂದು ಹಳ್ಳಿಯ ಪಂದ್ಯಾವಳಿಯಲ್ಲಿ ಯುವಕನೊಬ್ಬ ರೈಡ್ ಮಾಡುತ್ತಲೇ ಬಿದ್ದು ಪ್ರಾಣ ಬಿಟ್ಟ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂದಿತ್ತು. ಫಾರ್ವರ್ಡ್ ಮಾಡಿ ಮರೆತೆವು.

ಆಟ ನಿಲ್ಲಿಸಿ ಅಂತ ಹೇಳುತ್ತಿಲ್ಲ. ನಮ್ಮ ಕಡೆ ಹುಡುಗರು ಬೆಳಗ್ಗೆ ಐದಕ್ಕೆ ಎದ್ದು ಓಡುವುದು, ಬೀಡಿ ಬಿಡುವುದು ಕಬಡ್ಡಿಗಾಗಿ. ಅದು ಸಣ್ಣದಲ್ಲ.

ಹೋದ ವಾರ ಅದೇ ಹಳ್ಳಿಯ ಹುಡುಗರು ಈ ವರ್ಷದ ಕರಪತ್ರ ಹಿಡಿದು ಬಂದರು. "ಅಣ್ಣ, ಪೇಪರ್‌ನಲ್ಲಿ ಒಂದ್ ಸುದ್ದಿ ಹಾಕ್ಸಿ." ಮ್ಯಾಟ್ ಬಾಡಿಗೆ, ಲೈಟು, ಡಿಜೆ, ಹಾರ-ಶಾಲು ಎಲ್ಲದಕ್ಕೂ ಖರ್ಚು ಬರೆದಿದ್ದರು. ಹಾಕಿಸುತ್ತೇನೆ, ಆದರೆ ನಾಲ್ಕು ಕೆಲಸ ಮಾಡಿ ಅಂದೆ. ಅಂಕಣದ ಪಕ್ಕ ಆಂಬುಲೆನ್ಸ್ ನಿಲ್ಲಿಸಿ. ಒಬ್ಬ ಡಾಕ್ಟರೋ ನರ್ಸೋ ಇರಲಿ. ತೂಕ ನೋಡಿ ತಂಡ ಸೇರಿಸಿ. ಅಂಪೈರ್ ಕಾರ್ಡ್ ತೋರಿಸಿದರೆ ಕಮಿಟಿ ಅವರ ಹಿಂದೆ ನಿಲ್ಲಲಿ.

ಮುಖ ಮುಖ ನೋಡಿಕೊಂಡರು. ಒಬ್ಬ ಅಂದ, "ತೂಕದ್ದು ಕಷ್ಟ ಆಗುತ್ತಣ್ಣ, ತಂಡಗಳು ಬರಲ್ಲ. ಆಂಬುಲೆನ್ಸ್‌ಗೆ ಡಿಜೆಲಿ ಎರಡ್ ಬಾಕ್ಸ್ ಕಮ್ಮಿ ಮಾಡ್ತೀವಿ." ಸದ್ಯಕ್ಕೆ ಒಪ್ಪಿಕೊಂಡೆ.

ನನ್ನ ತಮ್ಮ ಇನ್ನೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ. ಈ ಸಲ ಅವನು ಸ್ಕೋರ್ ಬರೆಯಲು ಕೂರುತ್ತಾನಂತೆ. ಯಾರಿಗೆ, ಯಾವ ಪಟ್ಟಿನಲ್ಲಿ, ಎಲ್ಲಿ ಪೆಟ್ಟಾಯಿತು ಅಂತ ಬರೆಯಲು ಇನ್ನೊಂದು ಹಾಳೆ ಅವನ ಕೈಗೆ ಕೊಡುತ್ತೇನೆ. ನನ್ನ ಸುದ್ದಿಯಲ್ಲಿ ಗಣ್ಯರ ಹೆಸರು ಅರ್ಧ ಕಡಿದು ಆ ಲೆಕ್ಕ ಹಾಕುತ್ತೇನೆ. ನಿಮ್ಮೂರ ಪಂದ್ಯಾವಳಿಯಲ್ಲೂ ಯಾರಾದರೂ ಒಬ್ಬರು ಅಂಥ ಹಾಳೆ ಹಿಡಿದು ಕೂತುಕೊಳ್ಳಿ.